ಅವಳ ಹೆಸರಿಲ್ಲದ ಸ್ಫಟಿಕ

ಸಭಾಂಗಣದ ತುಂಬ ಚಪ್ಪಾಳೆ. ಅವಳ ಕೈಗಳು ಮಾತ್ರ ನಡುವೆಯೇ ನಿಂತುಹೋದವು.

ಪರದೆಯ ಮೇಲಿದ್ದ ಸಮೀಕರಣ ಅವಳದು. ಒಂದು ಸ್ಫಟಿಕದೊಳಗೆ ಎಲೆಕ್ಟ್ರಾನುಗಳು ಹೇಗೆ ಓಡಾಡುತ್ತವೆ ಎಂದು ಮೂರು ವರ್ಷ ಒಬ್ಬಳೇ ಕೂತು ಬಿಡಿಸಿದ ಲೆಕ್ಕ. ವ್ಯರ್ಥವಾಗುವ ಬಿಸಿಯಿಂದ ವಿದ್ಯುತ್ ತೆಗೆಯಬಲ್ಲ ಸ್ಫಟಿಕವೊಂದು ಸಾಧ್ಯ ಎಂದು ಮೊದಲು ಹೇಳಿದ ಭೌತವಿಜ್ಞಾನಿ ಅವಳೇ.

ವೇದಿಕೆಯ ಮೇಲಿದ್ದವನು, ಆ ಲೆಕ್ಕವನ್ನು ನಂಬಿ ಫರ್ನೇಸಿನಲ್ಲಿ ಸ್ಫಟಿಕ ಬೆಳೆಸಿದ ರಸಾಯನಶಾಸ್ತ್ರಜ್ಞ. ಮುಂದಿನ ತಿಂಗಳು ಅವಳ ಗಂಡನಾಗಬೇಕಾದವನು.

ಕೊನೆಯ ಸ್ಲೈಡಿನಲ್ಲಿ ಸಂಶೋಧನಾ ಪೇಪರ್ ಬರೆದ ಐವರ ಹೆಸರುಗಳಿದ್ದವು. ಅವಳದಿರಲಿಲ್ಲ.

ಕಾರಿಡಾರಿನಲ್ಲಿ ಅವನು ಹಿಂದೆಯೇ ಓಡಿ ಬಂದ.

"ಒಂದ್ನಿಮಿಷ ಕೇಳು..."

"ನನ್ನ ಹೆಸರೆಲ್ಲಿ?"

"ಲ್ಯಾಬ್ ನಡೆಸೋ ಸರ್ ಬೇಡ ಅಂದ್ರು. ಲೆಕ್ಕದವರು ನಮ್ಮ ಲ್ಯಾಬಿನವರಲ್ಲ, ಮುಂದಿನ ಪೇಪರಲ್ಲಿ ನೋಡೋಣ ಅಂದ್ರು. ನನ್ನ ಕೆಲಸ ಕಾಯಂ ಆಗೋದು ಅವರ ಕೈಲಿತ್ತು..."

"ನೀನೇನಂದೆ?"

"ಸರಿ ಅಂದೆ."

"ಬೇರೆ ಯಾರೋ ಕದ್ದಿದ್ರೆ ಜಗಳ ಆಡ್ತಿದ್ದೆ," ಅಂದಳು ಅವಳು. "ಬೇಲಿಯೇ ಎದ್ದು ಹೊಲ ಮೇಯ್ದ್ರೆ ಯಾರ ಹತ್ರ ಹೇಳ್ಕೊಳ್ಲಿ?"

ಮದುವೆ ನಿಂತಿತು.

"ಹೆಸರು ತಾನೇ? ಗಂಡಂದಾದ್ರೇನು, ಹೆಂಡ್ತಿದಾದ್ರೇನು?" ಅಂದರು ಅಮ್ಮ.

"ಮೂರು ವರ್ಷ ಅವಳು ಪಟ್ಟ ಪಾಡು ನೀನು ನೋಡಿಲ್ವಾ?" ಅಂದು ಅಪ್ಪ ಎದ್ದು ಹೋದರು.

ಅವಳನ್ನು ಸುಡುತ್ತಿದ್ದುದು ಹೆಸರೊಂದೇ ಅಲ್ಲ. ಒಂದೊಂದು ಸಾಲು ಸರಿಹೋದಾಗಲೂ ಮೊದಲು ಅವನಿಗೇ ಫೋನ್ ಮಾಡಿದ್ದೆನಲ್ಲ... ಆಗೆಲ್ಲ ಅವನು ಎಷ್ಟು ಖುಷಿಪಟ್ಟಿದ್ದ...

ನಾಲ್ಕು ತಿಂಗಳ ನಂತರ ಪೇಪರ್ ಪ್ರಕಟಿಸಿದ್ದ ವಿಜ್ಞಾನ ಪತ್ರಿಕೆಯ ಸಂಪಾದಕರಿಂದ ಪತ್ರ ಬಂತು. ಪೇಪರಿಗೆ ತಿದ್ದುಪಡಿ, ಮೊದಲ ಹೆಸರು ಅವಳದು. ದಾಖಲೆ ಸಮೇತ ದೂರು ಕೊಟ್ಟವನು ಅವನೇ ಎಂದು ಅದರಲ್ಲಿತ್ತು. ಅದಕ್ಕೇ ಲ್ಯಾಬಿನಿಂದ ಹೊರಬಿದ್ದಿದ್ದ.

ಒಂದು ವಾರ ಬಿಟ್ಟು ಅವಳು ಅವನನ್ನು ಹುಡುಕಿಕೊಂಡು ಹೋದಳು. ಪೇಂಟ್ ಕಾರ್ಖಾನೆಯೊಂದರ ಪರೀಕ್ಷಾ ಕೋಣೆಯಲ್ಲಿ ಅವನು ಡಬ್ಬಿಗಳಿಗೆ ಲೇಬಲ್ ಅಂಟಿಸುತ್ತಿದ್ದ.

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿನ್ನನ್ನ ಒಲಿಸ್ಕೊಳ್ಳೋಕೆ ಮಾಡಿದ ಹಾಗಾಗ್ತಿತ್ತು. ನಿಂದು ನಿನಗೆ ಸೇರ್ಬೇಕಿತ್ತು, ಅಷ್ಟೇ."

"ನನಗಿನ್ನೂ ಸಿಟ್ಟಿದೆ."

"ಗೊತ್ತು."

"ನಂಬಿಕೆ ಒಂದೇ ದಿನಕ್ಕೆ ವಾಪಸ್ ಬರಲ್ಲ."

"ಬರದಿದ್ರೂ... ನೀನಂದ್ರೆ ನನಗೆ ಪ್ರಾಣ. ಅವತ್ತು ಹೆದರಿದೆ. ಇನ್ನು ಹೆದರಲ್ಲ."

ಅವಳು ಅವನ ಬಣ್ಣ ಮೆತ್ತಿದ ಬೆರಳುಗಳನ್ನು ನೋಡಿದಳು. ಮೂಲೆಯಲ್ಲಿದ್ದ ಸ್ಟೂಲ್ ಎಳೆದುಕೊಂಡಳು.

"ಕೆಲಸ ಎಷ್ಟೊತ್ತಿಗೆ ಮುಗಿಯತ್ತೆ?"

"ಐದಕ್ಕೆ. ಇನ್ನೂ ಎರಡು ಗಂಟೆ ಇದೆ..."

"ಇರ್ಲಿ. ಕಾಯ್ತೀನಿ."