ಅಲಮಾರಿಯಿಂದ ಕಾಣೆಯಾದ ಕಡಲು

ಜನವರಿಯ ಆ ಗುರುವಾರ ಬೆಳಿಗ್ಗೆ ಸುರಪುರದ ಭುವನೇಶ್ವರಿಯವರ ಅಂಗಳಕ್ಕೆ ಬಂದ ಹುಡುಗಿ ಚಪ್ಪಲಿ ಬಿಡುವ ಮೊದಲೇ ವಿಷಯ ಹೇಳಿಬಿಟ್ಟಳು.

"ನಮ್ಮ ದೊಡ್ಡವ್ವನ ಪಾಸ್‌ಪೋರ್ಟ ಕಳುವಾಗ್ಯಾದರಿ. ನಾಳಿ ಸಂಜಿಗೆ ಯಾದಗಿರಿಯಿಂದ ರೈಲು, ಶನಿವಾರ ಮುಂಬೈಯಿಂದ ಹಡಗು. ಪಾಸ್‌ಪೋರ್ಟ ಇಲ್ಲಂದ್ರ ಹಡಗು ಹತ್ತಸಂಗಿಲ್ಲ."

ಆಟೋದ ಸೀಟು ಒರೆಸುತ್ತಿದ್ದ ಮೌನಪ್ಪನ ಕೈ ನಿಂತಿತು. ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು ಅವನು. ಕಳುವು, ಜಗಳ, ಓಡಿಹೋದ ಎಮ್ಮೆ, ಇವೆಲ್ಲ ಈ ಅಂಗಳಕ್ಕೆ ಬರುವುದನ್ನು ಕಂಡಿದ್ದ. ಹಡಗು ಬಂದಿದ್ದು ಇದೇ ಮೊದಲು.

ಭುವನೇಶ್ವರಿ ಅದೇ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸುಗಳ ವೇಳೆ ಬರೆದಿಡುವ ಕಂಟ್ರೋಲರ್ ಆಗಿದ್ದವರು. ದಾರಿಯಲ್ಲಿ ಗಾಡಿ ನಿಲ್ಲಿಸಿ ಹರಟೆ ಹೊಡೆದು, ಟೈರು ಪಂಕ್ಚರ್ ಎಂದು ಸುಳ್ಳು ಹೇಳುವ ಡ್ರೈವರುಗಳನ್ನು ಅವರು ಮುಖ ನೋಡದೆ, ಬರೀ ವೇಳೆ ನೋಡಿ ಹಿಡಿಯುತ್ತಿದ್ದರು. ಹಾಗೆ ಹಿಡಿಸಿಕೊಂಡವರಲ್ಲಿ ಮೌನಪ್ಪನೂ ಒಬ್ಬ. ಅವರ ಮೇಲೆ ಅವನಿಗೆ ಭಕ್ತಿ ಹುಟ್ಟಿದ್ದೂ ಅವತ್ತೇ. ಈಗ ಕಳೆದದ್ದೇನೇ ಇರಲಿ, ಜನ ಅವರ ಬಳಿಗೇ ಬರುತ್ತಿದ್ದರು, ಮತ್ತು ಅವರು ಹೊರಟರೆ ಆಟೋ ಮೌನಪ್ಪನದೇ.

"ಕುಂದರವ್ವ," ಎಂದರು ಭುವನೇಶ್ವರಿ. "ಮೊದಲಿಂದ ಹೇಳು."

ಹುಡುಗಿಯ ಹೆಸರು ಉಮಾಶ್ರೀ, ಹುಣಸಗಿಯಲ್ಲಿ ಶಿಕ್ಷಕಿ. ಅವಳ ದೊಡ್ಡಪ್ಪ ಅಮರಪ್ಪನವರದು ಶಹಾಪುರದ ಬಜಾರಿನಲ್ಲಿ ಹಗ್ಗ, ತಾಡಪಾಲುಗಳ ಅಂಗಡಿ. ಅವರೂ ದೊಡ್ಡವ್ವ ಕಲ್ಯಾಣಮ್ಮನೂ ಮೂರು ವರ್ಷದಿಂದ ಒಂದು ಸಮುದ್ರಯಾನದ ಯೋಜನೆ ಹಾಕುತ್ತಿದ್ದರು. ಮುಂಬೈ, ಕೊಚ್ಚಿ, ಕೊಲಂಬೊ, ಟ್ರಿಂಕೋಮಲಿ. ವರ್ಷದ ಹಿಂದೆ ದೊಡ್ಡಪ್ಪನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಅವರು ತಮ್ಮ ಹೆಸರು ತೆಗೆಸಿ ಉಮಾಶ್ರೀಯ ಹೆಸರು ಹಾಕಿಸಿದರು.

"ಮಂಗಳವಾರ ಸಂಜಿಗೆ ಯಾದಗಿರಿಯ ಏಜೆಂಟ್ ರಾಮಲಿಂಗ ಬಂದು ಎರಡೂ ಪಾಸ್‌ಪೋರ್ಟ ನೋಡಿ ದೊಡ್ಡಪ್ಪನ ಕೈಯಾಗ ಕೊಟ್ಟ. ದೊಡ್ಡವ್ವ ಅಲಮಾರಿಯ ಮ್ಯಾಲಿನ ಖಾನಿಯೊಳಗ ಇಟ್ಟಳು. ನಿನ್ನಿ ಬೆಳಿಗ್ಗಿ ನೋಡಿದ್ರ ನಂದದ, ಅಕೀದಿಲ್ಲ. ಅಕ್ಕಿ ಡಬ್ಬಿ, ಹಾಸಿಗಿ, ಪೆಟ್ಟಿಗಿ, ಎಲ್ಲಾ ಹುಡುಕೀನಿ. ನಿಮ್ಮನ್ನ ಕರಕೊಂಡು ಬಾ ಅಂದವರು ದೊಡ್ಡಪ್ಪನೇ."

"ನಿನಗ ಯಾರ ಮ್ಯಾಲ ಸಂಶಯ?"

"ರಾಮಲಿಂಗನ ಮ್ಯಾಲರಿ. ಬಂದರಿನಾಗ ಇಳಿದ ಮ್ಯಾಲ ಹಡಗಿನವರ ಬಸ್ಸಿನಾಗ ಹೋಗ್ರಿ ಅಂತಾನ. ದೊಡ್ಡವ್ವ ಒಲ್ಲೆ ಅಂತಾಳ, ತಾನೇ ಹಾದಿ ಬರಕೊಂಡಾಳ. ಅದಕ್ಕ ದೊಡ್ಡ ಜಗಳ ಆಗ್ಯಾದ."

ಆಟೋ ಶಹಾಪುರದ ದಾರಿ ಹಿಡಿಯಿತು. ಕಾಲುವೆ ನೀರು ಬಿಟ್ಟಿದ್ದರು. ನಾಟಿಗೆ ಸಜ್ಜಾದ ಗದ್ದೆಗಳಲ್ಲಿ ಎರಡೂ ಬದಿಗೆ ನೀರು ನಿಂತು, ಆಕಾಶ ಅದರೊಳಗೆ ಅಲ್ಲಾಡದೆ ಮಲಗಿತ್ತು. ಸಾವಿರ ಸಲ ಓಡಾಡಿದ ರಸ್ತೆಯೇ ಆದರೂ ಅವತ್ತು ಮೌನಪ್ಪನಿಗೆ ಅದು ಬೇರೆಯೇ ಕಂಡಿತು. ನೀರಿನ ನಡುವೆ ತಾನೇ ಏನನ್ನೋ ತೇಲಿಸಿಕೊಂಡು ಹೋಗುತ್ತಿದ್ದೇನೆ, ಮುಂದಿನ ತಿರುವಿನಲ್ಲಿ ಯಾವುದೋ ಬಂದರು ಇದೆ ಎಂದೆನಿಸಿ, ಎದುರಿಗೆ ಬಂದ ಟ್ರ್ಯಾಕ್ಟರಿಗೆ ಹಾರ್ನು ಹೊಡೆಯುವುದನ್ನೂ ಮರೆತ.

"ಮೌನಪ್ಪ, ನೆಲದ ಮ್ಯಾಲ ಇರು," ಎಂದರು ಹಿಂದಿನಿಂದ ಭುವನೇಶ್ವರಿ.

ಅಮರಪ್ಪನವರ ಮನೆಯ ಓಣಿಯನ್ನು ನೀರಿನ ಪೈಪಿಗಾಗಿ ಅಗೆದಿದ್ದರಿಂದ ಆಟೋ ಬಜಾರಿನಲ್ಲೇ ನಿಂತಿತು. ನಾಲ್ಕು ಮೆಟ್ಟಿಲು ಹತ್ತಿದರೆ ಪಡಸಾಲೆ. ಅಲ್ಲಿ ಗಾಲಿ ಕುರ್ಚಿಯಲ್ಲಿ ಅಮರಪ್ಪ ಕುಳಿತಿದ್ದರು. ಅಲ್ಲಿಂದ ನೋಡಿದರೆ ಮಲಗಿದ ಬುದ್ಧನ ಆಕಾರದ ಬೆಟ್ಟ ಬಿಸಿಲಿನ ಮಬ್ಬಿನಲ್ಲಿ ನೀಲಿಯಾಗಿ ಕಾಣುತ್ತಿತ್ತು.

"ಮೂವತ್ತೆಂಟು ವರ್ಷ ಹಗ್ಗ ಮಾರೇನ್ರಿ," ಎಂದರು ಅಮರಪ್ಪ, ತುಸು ತೊದಲುತ್ತ. "ಹಡಗು ಕಟ್ಟೋ ಹಗ್ಗ ಎಷ್ಟು ದಪ್ಪ ಇರ್ತದ, ಮುಟ್ಟಿ ನೋಡಬೇಕು ಅನ್ನೋದು ಆಸಿ. ರಾತ್ರಿ ಮಲಗಿದ್ರ ಮಂಚ ಅಲ್ಲಾಡಿದಂಗ ಆಗ್ತದ. ಹಾಂ, ಕೊಚ್ಚಿ ದಾಟಿದ್ವಿ ಅನ್ಕೋತೀನಿ. ನನಗಂತೂ ಆಗಲಿಲ್ಲ. ಅಕಿ ನೋಡಿ ಬಂದು ಹೇಳಲಿ. ಅಕಿ ಹೋಗದಿದ್ರ ಇಬ್ಬರದೂ ಹೋದಂಗರಿ. ಹ್ಯಾಂಗರ ಮಾಡಿ ಹುಡುಕಿ ಕೊಡ್ರಿ."

ಕಲ್ಯಾಣಮ್ಮ ಚಹಾ ತಂದರು. ಅರವತ್ತರ ಹತ್ತಿರದ, ಚುರುಕು ನಡಿಗೆಯ ಹೆಂಗಸು. ಮಾತು ನಡೆದಿದ್ದಾಗಲೇ ಮಾಳಿಗೆಯ ಮೇಲೆ ಒಣಹಾಕಿದ ಶ್ಯಾವಿಗೆ ನೋಡಲು ಎರಡು ಸಲ ಹತ್ತಿ ಇಳಿದರು, ಉಸಿರು ಕೂಡ ಹೆಚ್ಚಲಿಲ್ಲ. ಗಡಿಯಾರ ಎರಡು ಹೊಡೆದಾಗ ಯಾರೂ ಹೇಳದೆ ಎದ್ದು ಗಂಡನಿಗೆ ಗುಳಿಗೆ ನುಂಗಿಸಿ, ತುಟಿಯಂಚಿನ ನೀರನ್ನು ಸೆರಗಿನಿಂದ ಒರೆಸಿದರು.

"ನಿಮ್ಮ ಹಾದಿ ಬರೆದ ನೋಟ್‌ಬುಕ್ ಕೊಡ್ರಿ," ಎಂದು ಭುವನೇಶ್ವರಿ ಕೈಚಾಚಿದರು. ಕಲ್ಯಾಣಮ್ಮ ಒಂದು ಗಳಿಗೆ ತಡೆದು ಕೊಟ್ಟರು.

"ನಾ ಅದನ್ನ ತೆರದು ನೋಡಿಲ್ರಿ," ಎಂದರು ಅಮರಪ್ಪ. "ಊರು ಆರಿಸಿದವ ನಾನು. ಇಳಿದ ಮ್ಯಾಲಿನ ಹಾದಿ ಅಕೀದು."

ಭುವನೇಶ್ವರಿ ಪುಟ ತಿರುಗಿಸುತ್ತಿದ್ದಾಗ ಮೌನಪ್ಪ ಹೆಗಲ ಮೇಲಿಂದ ಇಣುಕಿದ. ದುಂಡನೆಯ ಅಕ್ಷರ, ಪ್ರತಿ ಬಂದರಿಗೂ ಒಂದು ವೇಳಾಪಟ್ಟಿ. ಕೊಚ್ಚಿ: ಗೇಟಿನಿಂದ ದೋಣಿಕಟ್ಟೆ, ಅರ್ಧ ಕಿಲೋಮೀಟರು, ಮೂವತ್ತು ನಿಮಿಷ. ಕೊಲಂಬೊ: ಕಡಲಬದಿಯ ಬಯಲು, ಎರಡು ಗಂಟೆಗೆ ನೆರಳು, ನೀರು, ಗುಳಿಗೆ. ಟ್ರಿಂಕೋಮಲಿ: ಗುಡ್ಡದ ಮೇಲಿನ ಕೋಣೇಶ್ವರ ಗುಡಿ. ಅದರ ಮೇಲೆ ಗೀಟು ಹೊಡೆದು ಕೆಳಗೆ, "ದಂಡೆ, ಬೆಂಚು, ಸಪಾಟು." ಎಲ್ಲ ಕಡೆಯೂ ಹಡಗು ಬಿಡುವ ಎರಡು ತಾಸು ಮೊದಲೇ ವಾಪಸ್. ಕಂಟ್ರೋಲರ್ ಮೆಚ್ಚುವ ಕೆಲಸ ಎಂದುಕೊಂಡ ಮೌನಪ್ಪ.

ಆಮೇಲೆ ಭುವನೇಶ್ವರಿ ದೇವರಿಗೆ ಕೈಮುಗಿಯಲು ಒಳಗೆ ಹೋದರು. ದೇವರ ಜಗಲಿಯ ಮೇಲೆ ಶಿವಲಿಂಗದ ಪಕ್ಕ ಹಸಿರು ಕುಪ್ಪಸದ ಬಟ್ಟೆಯಲ್ಲಿ ಕಟ್ಟಿದ ಗಂಟೊಂದಿತ್ತು. ಅದರ ಸುತ್ತ ಸಣ್ಣ ನೊಣಗಳು, ಅತಿಯಾಗಿ ಹಣ್ಣಾದ ಬಾಳೆಯ ವಾಸನೆ.

"ಇದು ಯಾವಾಗಿಂದು?"

"ದೊಡ್ಡವ್ವ ಊರಿಗೆ ಹೊಂಟಾಳಂತ ಸೋಮವಾರ ಓಣಿಯವರು ಉಡಿ ತುಂಬ್ಯಾರರಿ," ಎಂದಳು ಉಮಾಶ್ರೀ.

ಭುವನೇಶ್ವರಿ ಗಂಟನ್ನು ಮುಟ್ಟದೆ ಹೊರಬಂದು ರಾಮಲಿಂಗನಿಗೆ ಫೋನು ಮಾಡಲು ಹೇಳಿದರು. ಅವನು ಯಾದಗಿರಿಯಿಂದ ಬರುವವರೆಗೆ ಪಡಸಾಲೆಯಲ್ಲಿ ಕುಳಿತು ಬೆಟ್ಟವನ್ನೇ ನೋಡಿದರು. ಮೌನಪ್ಪ ಮಾತ್ರ ಕಳ್ಳನನ್ನು ಆಗಲೇ ಗೊತ್ತುಮಾಡಿಕೊಂಡಿದ್ದ. ಬೈಕಿನಿಂದ ಇಳಿದ ರಾಮಲಿಂಗನ ಮಿರಿಮಿರಿ ಬೂಟು ಕಂಡ ಮೇಲಂತೂ ಅವನಿಗೆ ಅನುಮಾನವೇ ಉಳಿಯಲಿಲ್ಲ.

ಮೂರೂವರೆಗೆ ಎಲ್ಲರೂ ಕೂಡಿದರು. ಭುವನೇಶ್ವರಿ ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡರು.

"ಎರಡು ಪಾಸ್‌ಪೋರ್ಟ ಒಂದೇ ಕಡಿ ಇದ್ದವು. ಕಳ್ಳ ಬಂದಿದ್ರ ಎರಡೂ ಒಯ್ತಿದ್ದ. ಒಂದೇ ಹೋಗ್ಯಾದ. ಅಂದ್ರ ಕಲ್ಯಾಣಮ್ಮೋರು ಈ ಹಡಗು ಹತ್ತಬಾರದು ಅನ್ನೋರ ಕೆಲಸ ಇದು. ರಾಮಲಿಂಗ, ನಿನ್ನ ಜಗಳ ಏನು?"

"ಮೇಡಂ, ಹಡಗಿನ ಬಸ್ಸು ತಡ ಆದ್ರ ಹಡಗು ಕಾಯ್ತದ. ತಾವೇ ಹೋದವರು ತಡ ಆದ್ರ ಕಾಯಂಗಿಲ್ಲ. ಪರದೇಶದಾಗ ಉಳದ್ರ ಯಾರು ಜವಾಬ್ದಾರಿ? ಅಷ್ಟ ಹೇಳೀನಿ."

"ಖರೆ. ಅವರು ಹೋಗದ ಇದ್ರ ನಿನ್ನ ಬಸ್ಸಿಗೂ ಯಾರೂ ಹತ್ತಂಗಿಲ್ಲ. ಪಾಸ್‌ಪೋರ್ಟ ಕದ್ದು ನಿನಗೇನೂ ಸಿಗಂಗಿಲ್ಲ." ಭುವನೇಶ್ವರಿ ಉಮಾಶ್ರೀಯ ಕಡೆ ತಿರುಗಿದರು. "ನಿನಗ ಸಮುದ್ರ ಅಂದ್ರ ಅಂಜಿಕಿ ಅಲ್ಲೇನು? ದಾರ್ಯಾಗ ಗದ್ದಿ ನೀರು ಬಂದಾಗೆಲ್ಲ ನೀ ಆಟೋದ ಕಂಬಿ ಹಿಡೀತಿದ್ದಿ."

ಹುಡುಗಿ ತಲೆ ತಗ್ಗಿಸಿದಳು. "ಹೌದ್ರಿ. ದೊಡ್ಡಪ್ಪಗ ಇಲ್ಲ ಅನ್ನಾಕ ಆಗಲಿಲ್ಲ."

"ಆದ್ರ ತಪ್ಪಿಸಿಕೊಳ್ಳೋಳು ತನ್ನ ಪಾಸ್‌ಪೋರ್ಟನೇ ಮುಚ್ಚಿಡ್ತಿದ್ದಳು. ಅಮರಪ್ಪ ಸಾವ್ಕಾರ್ರಿಗೆ ಕುರ್ಚಿಯಿಂದ ಮ್ಯಾಲಿನ ಖಾನಿ ನಿಲುಕಂಗಿಲ್ಲ. ಇನ್ನ ಈ ಪಟ್ಟಿ ನೋಡ್ರಿ. ಅರ್ಧ ಕಿಲೋಮೀಟರಿಗೆ ಮೂವತ್ತು ನಿಮಿಷ. ಇದನ್ನ ಬರೆದವರು ಮಾಳಗಿ ಹತ್ತಿ ಇಳಿಯೋದು ನಾನೇ ನೋಡೀನಿ, ಜೋಡಿ ಹೋಗಾಕಿ ಇಪ್ಪತ್ತಾರರ ಹುಡುಗಿ. ಅಷ್ಟು ಹೊತ್ತು ಯಾರಿಗೆ ಬೇಕು? ಎರಡು ಗಂಟಿಗೆ ಗುಳಗಿ ಯಾರಿಗೆ? ಶಿವನ್ನ ಪೂಜಿಸೋ ಹೆಣ್ಣುಮಗಳು ಸಮುದ್ರ ದಾಟಿ ಹೋಗಿ ಶಿವನ ಗುಡಿಗೆ ಗೀಟು ಹೊಡದು ಸಪಾಟು ದಂಡಿ ಅಂತ ಬರೀತಾಳ. ಯಾಕ? ಗುಡಿಗೆ ಮೆಟ್ಟಲು ಅವ."

ಅಮರಪ್ಪನವರ ಎಡಗೈ ಕುರ್ಚಿಯ ಗಾಲಿಯನ್ನು ಹಿಡಿದುಕೊಂಡಿತು.

"ಹಡಗಿನ ಬಸ್ಸು ಒಲ್ಲೆ ಅಂದದ್ದೂ ಅದಕ್ಕ. ಆ ಬಸ್ಸಿಗೆ ಗಾಲಿ ಕುರ್ಚಿ ಏರಂಗಿಲ್ಲ. ಈ ಪಟ್ಟಿ ಇಬ್ಬರದು, ಆದ್ರ ಉಮಾಶ್ರೀದಲ್ಲ." ಭುವನೇಶ್ವರಿಯವರ ದನಿ ಮೆತ್ತಗಾಯಿತು. "ಉಡಿ ಅಕ್ಕಿ ಬ್ಯಾರೆಯವರು ಬಿಚ್ಚಂಗಿಲ್ಲ. ತುಂಬಿಸಿಕೊಂಡಾಕೀನೇ ಬಿಚ್ಚಿ, ಅಡಗಿ ಮಾಡಿ ಉಣ್ಣಬೇಕು. ಅಕ್ಕಿ ಡಬ್ಬಿ ಹುಡುಕಿದ ಉಮಾಶ್ರೀನೂ ಅದನ್ನ ಮುಟ್ಟಿಲ್ಲ. ಇಂಥಾ ನಿಗಾದ ಮನ್ಯಾಗ ಸೋಮವಾರದ ಉಡಿ ಗುರುವಾರದ ತನಕ ಬಾಳಿಹಣ್ಣು ಕೊಳಿಯೋಮಟ ಹಂಗೇ ಕುಂತದ. ಕಲ್ಯಾಣಮ್ಮೋರ, ತರ್ರಿ."

ಕಲ್ಯಾಣಮ್ಮ ಎದ್ದು ಹೋಗಿ ಗಂಟು ತಂದರು. ನೆಲದ ಮೇಲೆ ಕುಳಿತು ಬಿಚ್ಚಿದರು. ತೆಂಗಿನಕಾಯಿ, ಉತ್ತತ್ತಿ, ಅರಿಷಿಣ ಬೇರು, ಕಪ್ಪಾದ ಬಾಳೆಹಣ್ಣು. ಅಕ್ಕಿಯೊಳಗೆ ಕೈಯಾಡಿಸಿ ಪಾಸ್‌ಪೋರ್ಟನ್ನು ತೆಗೆದು ಗಂಡನ ತೊಡೆಯ ಮೇಲಿಟ್ಟರು. ಮೌನಪ್ಪ ರಾಮಲಿಂಗನ ಬೂಟಿನ ಮೇಲಿದ್ದ ಕಣ್ಣು ತೆಗೆದು ನಾಚಿಕೊಂಡ.

"ನಾನೇ ಇಟ್ಟೆ," ಎಂದರು ಕಲ್ಯಾಣಮ್ಮ. "ನೀವು ಆರಿಸಿದ ಊರಿಗೆ ನಾ ಒಬ್ಬಾಕಿ ಹ್ಯಾಂಗ ಇಳೀಲಿ? ಒಲ್ಲೆ ಅಂದ್ರ ನಿಮ್ಮ ಜೀವ ಹೋಗ್ತದ. ಹೋಗ್ತೀನಿ ಅಂದ್ರ ನಂದು ಹೋಗ್ತದ."

ಅಮರಪ್ಪ ನೋಟ್‌ಬುಕ್ಕಿಗೆ ಕೈಚಾಚಿದರು. ಎಡಗೈಯಿಂದ ಒಂದೊಂದೇ ಪುಟ ಮಗುಚಿದರು. ಎಲ್ಲಿ ಇಳಿಜಾರು, ಎಲ್ಲಿ ಬೆಂಚು, ಎಲ್ಲಿ ಬಾಗಿಲು ಅಗಲ, ಎಲ್ಲವೂ ಅದರಲ್ಲಿತ್ತು. ಓದುತ್ತಾ ಅವರು ಆ ಊರುಗಳಲ್ಲೇ ಓಡಾಡುತ್ತಿದ್ದಾರೆ ಎಂದು ಮೌನಪ್ಪನಿಗೆ ಅನಿಸಿತು. ಬಿಸಿಲು ಪಡಸಾಲೆಯ ಕಂಬದಿಂದ ಕಂಬಕ್ಕೆ ಸರಿಯಿತು, ಯಾರಿಗೂ ಅವಸರವಿರಲಿಲ್ಲ.

"ವರ್ಷಪೂರ್ತಿ ಬರದೀದಿ. ನನಗೊಂದು ಮಾತು ಹೇಳಲಿಲ್ಲ."

"ಹೇಳಿದ್ರ ಬ್ಯಾಡ ಅಂತಿದ್ರಿ. ಒಮ್ಮಿ ಬ್ಯಾಡ ಅಂದ ಮ್ಯಾಲ ಬರಿಯೋದೂ ನಿಂತು ಹೋಗ್ತಿತ್ತು."

"ಯಾದಗಿರಿ ಸ್ಟೇಶನ್ನಾಗ ದವಾಖಾನಿಗೆ ಹೋಗಾಗ ಹಮಾಲರು ನನ್ನ ಹತ್ತಿ ಚೀಲದಂಗ ಎತ್ತಿದ್ರು," ಎಂದರು ಅಮರಪ್ಪ, ಯಾರಿಗೆ ಎಂದಿಲ್ಲದೆ. "ನನ್ನ ಗಿರಾಕಿಗಳು ನಿಂತು ನೋಡಿದ್ರು. ಅವತ್ತಿನಿಂದ ಈ ಹೊಸ್ತಿಲ ದಾಟಿಲ್ಲ. ದಾಟಂಗಿಲ್ಲ ಅಂತ ಆಣಿ ಮಾಡೀನಿ."

ರಾಮಲಿಂಗ ಗಂಟಲು ಸರಿಮಾಡಿಕೊಂಡ. "ಕಾಕಾ, ಹಡಗಿನಾಗ ಇವರ ಕೋಣ್ಯಾಗ ಮೂರನೇ ಹಾಸಿಗಿ ಖಾಲಿ ಅದರಿ. ಇವತ್ತು ಸಂಜಿ ಆರರೊಳಗ ಹೆಸರು ಕಳಸಿದ್ರ ಸೇರಸ್ತಾರ. ನಿಮ್ಮ ಪಾಸ್‌ಪೋರ್ಟ ಚಾಲೂ ಅದ. ಡಾಕ್ಟರ ಚೀಟಿ ಒಂದು ಬೇಕು. ಅವರು ಕಣ್ಣಲೆ ನೋಡದ ಬರದುಕೊಡಂಗಿಲ್ಲ."

"ನಾ ಕುರ್ಚಿ ದೂಡ್ತೀನಿ ದೊಡ್ಡಪ್ಪ," ಎಂದಳು ಉಮಾಶ್ರೀ. "ನೀರಿನ ಕಡಿ ನೋಡಂಗಿಲ್ಲ, ಅಷ್ಟ."

ದವಾಖಾನೆ ಬಜಾರಿನ ಆ ತುದಿಗೆ. ಓಣಿ ಅಗೆದಿತ್ತು, ಆಟೋ ಬಜಾರಿನಲ್ಲೇ ನಿಂತಿತ್ತು. ಅಲ್ಲಿಯವರೆಗೆ ಅಮರಪ್ಪನವರನ್ನು ಅವರ ಅಂಗಡಿಯ ಮುಂದಿನಿಂದಲೇ ಹೊತ್ತುಕೊಂಡು ಹೋಗಬೇಕಿತ್ತು. ಅದು ಬಜಾರು ತುಂಬುವ ಹೊತ್ತು. ಕಲ್ಯಾಣಮ್ಮನ ಮುಖ ನೋಡಲಾಗದೆ ಮೌನಪ್ಪ ಬೆಟ್ಟದ ಕಡೆ ತಿರುಗಿಕೊಂಡ.

ಅಮರಪ್ಪ ನೋಟ್‌ಬುಕ್ ಮುಚ್ಚಿ ಹೆಂಡತಿಗೆ ಕೊಟ್ಟರು.

"ಮೌನಪ್ಪ, ನೀ ಬಲಗಡಿ ಹಿಡಿ. ರಾಮಲಿಂಗ, ನೀ ಈ ಕಡಿ," ಎಂದರು. "ಎತ್ರಿ."

ನಾಲ್ಕು ಮೆಟ್ಟಿಲು ಇಳಿದರು. ಅಗೆದ ಮಣ್ಣು ದಾಟಿದರು. ಹಿಂದೆ ಗಂಡನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಕಲ್ಯಾಣಮ್ಮ ಬರುತ್ತಿದ್ದರು. ಬಜಾರಿನಲ್ಲಿ ಒಂದೊಂದೇ ಅಂಗಡಿಯವರು ಎದ್ದು ನಿಂತರು. ಕಿರಾಣಿ ಅಂಗಡಿಯ ನಸೀರುದ್ದೀನ ತಕ್ಕಡಿ ಕೆಳಗಿಟ್ಟು ಕೇಳಿದ.

"ಸಾವ್ಕಾರ್ರ, ಎಲ್ಲಿಗೆ ಹೊಂಟೀರಿ?"

ಅಮರಪ್ಪ ತಲೆ ತಗ್ಗಿಸಲಿಲ್ಲ.

"ಸಮುದ್ರಕ್ಕ," ಎಂದರು.