ಅತ್ತಿಗೆ ಎನ್ನದವನು

“ಇನ್ನೊಂದು ಸಲ.”

ಅವನ ಬಾಯಿಂದ ಅವಳು ಕೇಳಿದ ಮೊದಲ ಮಾತೇ ಅದು.

ಅಂದು ಟಿವಿ ಧಾರಾವಾಹಿಯ ಮೊದಲ ದಿನದ ಚಿತ್ರೀಕರಣ. ಅವಳದು ಹೊಸ ಸೊಸೆಯ ಪಾತ್ರ. ಸೊಸೆಯ ಕಾಲು ಬಕೆಟ್ಟಿನಲ್ಲಿ ಸಿಕ್ಕಿಕೊಂಡಿದೆ, ಅದೇ ಹೊತ್ತಿಗೆ ನೆಂಟರು ಬಂದುಬಿಡುತ್ತಾರೆ. ಕಾಲಲ್ಲಿ ಬಕೆಟ್ಟೇ ಇಲ್ಲವೆಂಬ ಗತ್ತಿನಲ್ಲಿ ಅವಳು ಅವರನ್ನು ಕೂರಿಸಿ, ನೀರು ಕೊಟ್ಟು, ಕ್ಷೇಮ ವಿಚಾರಿಸಬೇಕು. ಕ್ಯಾಮೆರಾದವನು ಟವೆಲ್ಲು ಕಚ್ಚಿಕೊಂಡು ನಿಂತಿದ್ದ. ಲೈಟಿನವರು ಗೋಡೆಗೆ ಮುಖ ಮಾಡಿದ್ದರು. ಶಾಟು ನಡೆಯುವಾಗ ಯಾರೂ ನಗುವಂತಿಲ್ಲ. ನಕ್ಕರೆ ಮೈಕಿಗೆ ಬಿದ್ದು ಶಾಟು ಕೆಡುತ್ತದೆ. ಟಿವಿಯಲ್ಲಿ ಕೇಳುವ ನಗುವೆಲ್ಲ ಆಮೇಲೆ ಅಂಟಿಸಿದ್ದು.

ನಿರ್ದೇಶಕರು ಕಟ್ ಎಂದೊಡನೆ ಕೋಣೆಗೆ ಕೋಣೆಯೇ ಗೊಳ್ಳೆಂದಿತು.

ಒಬ್ಬನನ್ನು ಬಿಟ್ಟು.

ಅವನು ಸೌಂಡಿನವನು. ಕಿವಿಗೆ ಹೆಡ್‌ಫೋನು, ಕೈಯಲ್ಲಿ ಉದ್ದನೆಯ ಕೋಲು, ಕೋಲಿನ ತುದಿಯಲ್ಲಿ ಅವಳ ನೆತ್ತಿಯ ಮೇಲೆ ತೂಗುವ ಮೈಕು. ಕಣ್ಣು ಮಾತ್ರ ಚಾವಣಿಯ ಮೇಲೆ. ಮುಖ ಹರಳೆಣ್ಣೆ ಕುಡಿದವನ ಹಾಗೆ. ಮೈಕಲ್ಲಿ ಏನೋ ಸದ್ದು ಬಂತಂತೆ, ಇನ್ನೊಂದು ಸಲ ಮಾಡಬೇಕಂತೆ.

‘ಇವನಿಗೆ ನಗುವೇ ಬರುವುದಿಲ್ಲವಾ... ಅಥವಾ ನಾನೇ ಚೆನ್ನಾಗಿ ಮಾಡಲಿಲ್ಲವಾ?’

ಅವಳಿಗೆ ಹಠ ಬಂತು. ಎರಡನೇ ಸಲ ಬಕೆಟ್ಟಿನ ಕಾಲನ್ನೇ ಮುಂದಿಟ್ಟು ರಾಣಿಯ ಹಾಗೆ ನಡೆದಳು. ಹಿಡಿಕೆ ಕಿಣಿಕಿಣಿ ಎಂದಿತು. ನೆಂಟರು ಬಗ್ಗಿ ನೋಡಿದರೆ, ನಾಚಿಕೊಂಡು “ಹೊಸ ಗೆಜ್ಜೆ” ಎಂದುಬಿಟ್ಟಳು. ಅದು ಬರೆದುಕೊಟ್ಟ ಮಾತಲ್ಲ, ಹಠದಲ್ಲಿ ಹುಟ್ಟಿದ್ದು. ಮುಂದೆ ಮನೆಮನೆಯಲ್ಲೂ ಅದೇ ಮಾತಾಯಿತು. ಯಾರ ಚಪ್ಪಲಿ ಕಿರುಗುಟ್ಟಿದರೂ ಹೊಸ ಗೆಜ್ಜೆ, ಯಾರ ಸೈಕಲ್ಲು ಕಿರುಚಿದರೂ ಹೊಸ ಗೆಜ್ಜೆ!

ಧಾರಾವಾಹಿಯಲ್ಲಿ ಮೈದುನರು ಕೂಗುವಂತೆ ಊರೆಲ್ಲ ಅವಳನ್ನು ಅತ್ತಿಗೆ ಎನ್ನತೊಡಗಿತು. ತರಕಾರಿಯವನಿಗೂ ಅತ್ತಿಗೆ, ಹಲ್ಲಿನ ಡಾಕ್ಟರಿಗೂ ಅತ್ತಿಗೆ. ಸೆಟ್ಟಿನಲ್ಲಿ ಟೀ ಕೊಡುವ ಮುದುಕನೂ ಹಾಗೇ ಕರೆಯುತ್ತಿದ್ದ. ಸೌಂಡಿನವನೊಬ್ಬ ಮಾತ್ರ “ಮೇಡಂ” ಎನ್ನುತ್ತಿದ್ದ.

ಎಲ್ಲರೂ ಅವನನ್ನು ಮೌನಿ ಎಂದು ಕರೆಯುತ್ತಿದ್ದರು. ಈ ಮೌನಿಗೆ ಉಳಿದವರ ಶಾಟುಗಳೆಲ್ಲ ಒಂದೇ ಸಲಕ್ಕೆ ಸರಿ. ಅವಳದು ಬಂದಾಗ ಮಾತ್ರ ಮೈಕಲ್ಲಿ ಸದ್ದು!

ಅವಳು ಮಲಗಿದಲ್ಲೂ ಅದನ್ನೇ ಯೋಚಿಸುತ್ತಿದ್ದಳು. ಲಕ್ಷ ಜನ ನಗುತ್ತಾರೆ, ಈ ಒಬ್ಬನ ತುಟಿ ಅಲುಗದು. ಲಕ್ಷ ಜನರಿಗಿಂತ ಆ ಒಬ್ಬನ ನಗುವೇ ಯಾಕೆ ಬೇಕೆನಿಸುತ್ತದೆ ಎಂದು ತನ್ನನ್ನೇ ಕೇಳಿಕೊಂಡರೆ... ಉತ್ತರ ಗೊತ್ತಿತ್ತು. ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ, ಅಷ್ಟೆ.

ಅವಳ ತಾಯಿ ಹಳೆಯ ಕಾಲದವಳು. ನಾಲ್ಕು ಜನ ನಗುವ ಹಾಗೆ ಬಾಳಬೇಡ ಎಂದು ಹೇಳಿಕೊಂಡೇ ಮಗಳನ್ನು ಸಾಕಿದವಳು. ಆ ಮಗಳು ನಾಲ್ಕು ಜನರನ್ನು ನಗಿಸಿಯೇ ಅನ್ನ ತಿನ್ನುವಂತಾದದ್ದು ಅವಳಿಗೆ ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು. ಮಗಳು ಬಹಳ ಕಾಡಿದ ಮೇಲೆ ಒಂದು ದಿನ ಸೆಟ್ಟಿಗೆ ಬಂದು ಮೂಲೆಯ ಕುರ್ಚಿಯಲ್ಲಿ ಕೂತಳು.

ಅಂದೂ ಬಕೆಟ್ಟಿನದೇ ದೃಶ್ಯ. ಮಗಳು ಜೀವ ಸುರಿದು ಮಾಡಿದಳು.

“ಇನ್ನೊಂದು ಸಲ,” ಎಂದ ಮೌನಿ.

ಮಾಡಿದಳು. ಮತ್ತೆ ಇನ್ನೊಂದು ಸಲ. ಮತ್ತೆ... ಅಮ್ಮನ ಮುಖ ಬಾಡುವುದು ಕಂಡಿತು. ಮಗಳಿಗೆ ಕೆಲಸ ಬರುವುದಿಲ್ಲ ಎಂದುಕೊಂಡಳೇನೋ! ಮಗಳ ಸಹನೆಯ ಕಟ್ಟೆ ಒಡೆಯಿತು. ಕಾಲಿನ ಬಕೆಟ್ಟನ್ನು ಕಿತ್ತೆಸೆದಳು.

“ಈ ಮನುಷ್ಯನ ಮೈಕು ನನ್ನ ಕಂಡ್ರೆ ಮಾತ್ರ ಕೆಡುತ್ತೆ ಸಾರ್. ಇವರಿದ್ರೆ ನಾನಿರಲ್ಲ.”

ನಿರ್ದೇಶಕರು ಅತ್ತ ನೋಡಿ, ಇತ್ತ ನೋಡಿ, ತಲೆ ತಗ್ಗಿಸಿದರು. ಅತ್ತಿಗೆಯಿಲ್ಲದೆ ಧಾರಾವಾಹಿಯುಂಟೇ? ಮೌನಿ ವೈರು ಸುತ್ತಿ, ಕೋಲು ಮಡಚಿದ. ಬಾಗಿಲ ಬಳಿ ನಿಂತು, ನಿಮಗೆ ಒಳ್ಳೆಯದಾಗಲಿ ಮೇಡಂ ಎಂದು ಹೇಳಿ ಹೋದ. ಆಗಲೂ ಚಾವಣಿಯನ್ನೇ ನೋಡುತ್ತಿದ್ದ.

ಹೊಸದಾಗಿ ಬಂದ ಸೌಂಡಿನವನು ಎಲ್ಲದಕ್ಕೂ ಹೆಬ್ಬೆರಳೆತ್ತುವವನು. ಎಲ್ಲವೂ ಒಂದೇ ಸಲಕ್ಕೆ ಸರಿ. ಅವಳಿಗೂ ಮೊದಲು ಹಾಯೆನಿಸಿತು. ಬರಬರುತ್ತ ಮನೆ ಖಾಲಿಯಾದ ಹಾಗೆ ಏನೋ ಬಣಗುಟ್ಟಿತು. ಕೊಟ್ಟ ಮಾತು ಒಪ್ಪಿಸುವುದು, ಬೀಳಬೇಕಾದಲ್ಲಿ ಬೀಳುವುದು, ಮನೆಗೆ ಬರುವುದು.

ಒಂದು ಸಂಜೆ ಅಮ್ಮ ಟಿವಿ ನೋಡುತ್ತ ಕೂತಿದ್ದಳು. ಮೊದಲೆಲ್ಲ ಮಗಳಿಗೆ ಕಾಣದಂತೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದ ಅಮ್ಮ, ಅಂದು ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು.

“ಈಗೀಗ ನಗು ಬರಲ್ಲ ಕಣೆ,” ಎಂದಳು. “ಮೊದಲು ಯಾರಿಗೋ ತೋರಿಸ್ಬೇಕು ಅನ್ನೋ ಹಠ ಇತ್ತು ನಿನ್ನಲ್ಲಿ. ಅವ್ರು ಎಲ್ಲಿ ಹೋದ್ರು?”

ಅವಳು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು. ಹೊಸ ಗೆಜ್ಜೆಯೂ ಸೇರಿದಂತೆ, ಜನ ನೆನಪಿಟ್ಟುಕೊಂಡು ಆಡುವ ಒಂದೊಂದು ಮಾತೂ ಅವನು ಕೇಳಿದ ‘ಇನ್ನೊಂದು ಸಲ’ದಲ್ಲೇ ಹುಟ್ಟಿದ್ದು! ಅನ್ನ ಕೊಟ್ಟವನನ್ನೇ ಹೊರಗಟ್ಟಿದ್ದಳು.

ಊರಲ್ಲೆಲ್ಲ ವಿಚಾರಿಸಿದಳು. ಮೌನಿ ಕೋಲು ಹಿಡಿಯುವ ಕೆಲಸವನ್ನೇ ಬಿಟ್ಟನೆಂದು ಮಾತ್ರ ತಿಳಿಯಿತು.

ಅಷ್ಟರಲ್ಲಿ ಅವಳಿಗೆ ಮೊದಲ ಸಿನಿಮಾ ಬಂತು. ಚಿತ್ರೀಕರಣ ಮುಗಿದ ಮೇಲೆ ಡಬ್ಬಿಂಗು. ಸದ್ದು ನುಸುಳದ ಕೋಣೆಯಲ್ಲಿ ಒಬ್ಬಳೇ ನಿಂತು, ಪರದೆಯ ಮೇಲಿನ ತನ್ನ ತುಟಿ ನೋಡಿಕೊಂಡು, ಮಾತುಗಳನ್ನು ಮತ್ತೆ ಹೇಳುವ ಕೆಲಸ. ಎದುರಿಗೆ ದಪ್ಪ ಗಾಜು. ಗಾಜಿನಾಚೆ ಯಂತ್ರದ ಮುಂದೆ ಯಾರೋ ತಲೆ ಬಗ್ಗಿಸಿ ಕೂತಿದ್ದರು.

ಅವಳು ಮಾತು ಶುರು ಮಾಡಿದಳು. ಕಥೆಯಲ್ಲಿ ಅವಳು ತಪ್ಪು ಮನೆಯ ಸಾವಿಗೆ ಹೋಗಿ, ಎಲ್ಲರಿಗಿಂತ ಜೋರಾಗಿ ಅಳುತ್ತಾಳೆ. ಅಳುತ್ತಲೇ ಪಕ್ಕದವರನ್ನು ಸತ್ತವರು ಯಾರೆಂದು ಕೇಳುತ್ತಾಳೆ...

ಗಾಜಿನಾಚೆ ಕೂತವನ ಭುಜ ಕುಲುಕಿತು. ಮೇಜಿಗೆ ಹಣೆ ಹಚ್ಚಿದ. ತಲೆಯೆತ್ತಿ ಕಣ್ಣೊರೆಸಿಕೊಂಡ. ಬಾಯಿ ತುಂಬ ನಗು, ಹಲ್ಲೆಲ್ಲ ಕಾಣುತ್ತಿದ್ದವು. ಈಚೆಗೆ ಒಂದಿಷ್ಟೂ ಸದ್ದಿಲ್ಲ!

ಮೌನಿ!

ಅವಳ ಮಾತು ಅರ್ಧಕ್ಕೇ ನಿಂತಿತು. ಅವನು ಗಾಬರಿಯಿಂದ ಚಾವಣಿ ನೋಡಿದ. ಆ ನೋಟ ಕಂಡಾಗಲೇ ಅವಳಿಗೆ ಎಲ್ಲ ಹೊಳೆಯಿತು. ಬಾಗಿಲು ತಳ್ಳಿಕೊಂಡು ಆಚೆ ಬಂದಳು.

“ಆಗ ಮೈಕಲ್ಲಿ ಬರ್ತಿದ್ದ ಸದ್ದು...?”

“ನಗು ತಡ್ಕೊಂಡ್ರೆ ಕೈ ನಡುಗುತ್ತೆ ಮೇಡಂ. ಕೈ ನಡುಗಿದ್ರೆ ಕೋಲು ಕಿರುಗುಟ್ಟುತ್ತೆ. ಅದು ಹೆಡ್‌ಫೋನಲ್ಲಿ ನನ್ನೊಬ್ಬನ ಕಿವಿಗೇ ಕೇಳೋದು.”

“ಹೇಳಬಾರದಿತ್ತಾ?”

ಸೌಂಡಿನವನೇ ನಕ್ಕು ಶಾಟು ಕೆಡಿಸುತ್ತಾನೆಂದರೆ ಯಾರು ಕೆಲಸ ಕೊಡುತ್ತಾರೆ ಎಂದ ಅವನು. ಅದಕ್ಕೇ ಅವಳ ಮುಖ ನೋಡದೆ ಚಾವಣಿ ನೋಡುತ್ತಿದ್ದನಂತೆ. ಅವಳ ತಾಯಿ ಬಂದ ದಿನ ಅವಳು ಮಾಡಿದ ಹಾಗೆ ಹಿಂದೆಂದೂ ಮಾಡಿರಲಿಲ್ಲವಂತೆ, ಕೈ ಹಿಡಿತಕ್ಕೇ ಸಿಗಲಿಲ್ಲವಂತೆ.

ಅವಳ ಕಣ್ಣು ತುಂಬಿತು. “ನಿಮ್ಮ ಕೆಲಸ ಕಿತ್ತುಕೊಂಡೆ. ನೀವು ನನಗೆ ಹೆಸರು ಕೊಟ್ಟಿರಿ. ಈ ಋಣ ಹೇಗೆ ತೀರಿಸ್ಲಿ?”

“ಋಣ ಯಾತರದು? ಕೋಲು ನಾನೇ ಬಿಟ್ಟೆ. ಗಾಜಿನ ಹಿಂದೆ ಎಷ್ಟು ನಕ್ಕರೂ ಯಾರಿಗೂ ಕೇಳಲ್ಲ. ದಿನಾ ನಿಮ್ಮ ಧಾರಾವಾಹಿ ನೋಡಿ ನಗ್ತಿದ್ದೆ. ನಾನೇ ನಿಮಗೆ ಋಣಿ.”

ಅವಳು ಕಣ್ಣೊರೆಸಿಕೊಂಡು, ಮನಸ್ಸಿನಲ್ಲಿ ಉಳಿದಿದ್ದ ಇನ್ನೊಂದು ಮುಳ್ಳನ್ನೂ ತೆಗೆದಳು. “ಊರೆಲ್ಲ ಅತ್ತಿಗೆ ಅಂತು. ನೀವೊಬ್ಬರೇ ಯಾಕೆ ಮೇಡಂ ಅಂತಿದ್ರಿ?”

ಅವನು ಈಗ ಚಾವಣಿ ನೋಡಲಿಲ್ಲ. ಅವಳನ್ನೇ ನೋಡಿದ.

“ಅತ್ತಿಗೆ ಅಂದ್ರೆ ಅಣ್ಣನ ಹೆಂಡತಿ ಆಗ್ಬಿಡ್ತೀರಲ್ಲ... ಬಾಯೇ ಬರಲಿಲ್ಲ.”

ಅವಳು ನಕ್ಕಳು. ಲೋಕವನ್ನು ನಗಿಸುವವಳು, ಎಷ್ಟೋ ದಿನಗಳ ಮೇಲೆ ತಾನೇ ನಕ್ಕಳು. ಅವನ ಕೈ ಹಿಡಿದರೆ ಆ ಕೈ ಇನ್ನೂ ನಡುಗುತ್ತಿತ್ತು.

“ಅಮ್ಮ ನಿಮ್ಮನ್ನ ಕೇಳ್ತಿದ್ಲು. ಸಂಜೆ ಮನೆಗೆ ಬರ್ತೀರಾ?”

“ಬರ್ತೀನಿ. ಮೊದ್ಲು ಆ ಅಳೋ ಮಾತು ಮುಗಿಸಿ. ಇನ್ನೊಂದು ಸಲ.”

ಅವಳು ಒಳಗೆ ಹೋಗಿ ಮೈಕಿನ ಮುಂದೆ ನಿಂತಳು. ಅವನು ಎದ್ದು ದಪ್ಪ ಬಾಗಿಲು ಎಳೆಯಲು ಬಂದ.

“ಮುಚ್ಚಬೇಡಿ,” ಎಂದಳು ಅವಳು.

“ತೆರೆದಿದ್ರೆ ನನ್ನ ನಗು ಮೈಕಿಗೆ ಬೀಳುತ್ತೆ.”

“ಬೀಳಲಿ. ನನಗೆ ಕೇಳಬೇಕು.”