ತೂತು ಬಿದ್ದ ಡಿವಿಡಿ

ಡ್ರಿಲ್ಲಿಂಗ್ ಮಷಿನ್ ನನ್ನ ಹೆಬ್ಬೆರಳಿಗೆ ಎರಡೇ ಇಂಚು ದೂರದಲ್ಲಿ ಗಿರಗುಟ್ಟುತ್ತಿತ್ತು!

"ಕೈ ತೆಗೀರಿ ಶೇಖರಪ್ಪ... ಡಿವಿಡಿ ಜೊತೆ ಬೆರಳೂ ಹೋಗುತ್ತೆ" ಎಂದ ಮ್ಯಾನೇಜರ್ ಮುನೀಂದ್ರ.

ತೆಗೆದೆ. ಬೆರಳು ನನ್ನದು, ನೋಡಿ.

ಜಾಲಹಳ್ಳಿಯ ಆ ಕಾರ್ಖಾನೆಯ ಟೆಸ್ಟಿಂಗ್ ರೂಮಿಗೆ ಒಂದು ಕಾನೂನು. ಒಳಗಿನ ಗುಟ್ಟು ಆಚೆ ಹೋಗದಂತೆ, ಒಳಗೆ ಹೋದ ಡಿವಿಡಿ ತೂತು ಬಿದ್ದೇ ಹೊರಗೆ ಬರಬೇಕು. ಅಲ್ಲಿನ ಲಿನಕ್ಸ್ ಮಷಿನ್‌ಗಳಿಗೆ ಇಂಟರ್ನೆಟ್ಟಿನ ಗಾಳಿಯೇ ಸೋಕಿಲ್ಲ. ಆದರೂ ಒಂದಕ್ಕೆ ವೈರಸ್ ಹೊಕ್ಕು ಎರಡು ದಿನ ಕೆಲಸ ನಿಂತಿತ್ತು. ಯಾರೋ ಪೆನ್‌ಡ್ರೈವ್ ಚುಚ್ಚಿದ್ದರು. ಮುನೀಂದ್ರ ಬೆರಳು ತೋರಿಸಿದ್ದು ಆಪರೇಟರ್ ದಾಕ್ಷಾಯಣಿಯ ಕಡೆಗೆ. ಸಂಜೆ ಐದಕ್ಕೆ ಅವಳ ಡಿಸ್‌ಮಿಸ್ ಆರ್ಡರಿಗೆ ಸಹಿ!

"ನಾ ಪೆನ್‌ಡ್ರೈವ್ ಮುಟ್ಟೇ ಇಲ್ರೀ ಸರ..." ಎಂದಿದ್ದಳು ಗದಗಿನ ಆ ಹೆಣ್ಣುಮಗಳು.

ವೈರಸ್ ಪತ್ತೆಗೆ ಹೊರಗಿನಿಂದ ಕರೆಸಿದ್ದ ನಾನು ಬೆಳಗ್ಗೆಯಿಂದ ಕೂತು ವೈರಸ್ ಸ್ಕ್ಯಾನರ್ ಇನ್‌ಸ್ಟಾಲ್ ಮಾಡಿದ್ದೆ. ನೆಟ್ ಇಲ್ಲದ ಕಡೆ ಒಂದೊಂದು ಫೈಲನ್ನೂ ಡಿವಿಡಿಯಲ್ಲಿ ಬುತ್ತಿಯ ಹಾಗೆ ಹೊತ್ತೇ ಹೋಗಬೇಕು.

"ನೆಟ್ಟೇ ಇಲ್ದಿರೋ ಮಷಿನ್‌ಗೆ ಸ್ಕ್ಯಾನರ್ ಯಾಕ್ರೀ?" ಎಂದು ಹಲ್ಲು ಕಿರಿಯುತ್ತಿದ್ದ ಮುನೀಂದ್ರ. ಸ್ಕ್ಯಾನ್ ಮುಗಿಯಿತು. ನಗು ನಿಂತಿತು. ಡ್ರಿಲ್ ಬಂತು.

ಕರ್ರ್... ತೂತು!

"ನಿಮ್ ರಿಪೋರ್ಟು ಢಮಾರ್!"

ಹದಿನೆಂಟು ವರ್ಷದ ಸರ್ವೀಸಂತೆ ಈ ಮಹಾನುಭಾವನದು!

"ತೂತಾಗಿದ್ದು ಸ್ಕ್ಯಾನರ್ ಹಾಕೋ ಡಿವಿಡಿ ಕಣ್ರೀ. ರಿಪೋರ್ಟು ಮಷಿನ್ ಹೊಟ್ಟೇಲಿದೆ. ಜಿ.ಎಂ. ಸಾಹೇಬ್ರು ಇಲ್ಲೇ ಬಂದು ನೋಡ್ತಾರೆ."

ಇಂಟರ್‌ಕಾಮ್‌ನಲ್ಲಿ ಆಗಲೇ ಕರೆದಿದ್ದೆ. ಬಾಗಿಲಲ್ಲಿ ಜಿ.ಎಂ. ವೆಂಕಟರಾಮಯ್ಯ ಕಾಣಿಸಿದರು. ಮುನೀಂದ್ರ ಡ್ರಿಲ್ ಎತ್ತಿಕೊಂಡು ಮಷಿನ್ ಮೇಲೇ ನುಗ್ಗಿದ! ಅಡ್ಡ ನಿಂತೆ. ಡ್ರಿಲ್ಲಿನ ಮೊನೆಗೆ ನನ್ನ ಶರ್ಟಿನ ಗುಂಡಿ ಹಾರಿತು. ಇನ್ನೇನು ಎದೆ...

ಸದ್ದು ಅಡಗಿತು.

ಮೂಲೆಯಲ್ಲಿ ನಿಂತಿದ್ದ ದಾಕ್ಷಾಯಣಿ ಡ್ರಿಲ್ಲಿನ ಪ್ಲಗ್ಗನ್ನು ಗೋಡೆಯಿಂದ ಗೂಟ ಕಿತ್ತ ಹಾಗೆ ಕಿತ್ತು ಕೈಯಲ್ಲಿ ಹಿಡಿದಿದ್ದಳು.

"ಕರೆಂಟ್ ಹೋತೇನ್ರಿ ಸರ?"

ರಿಪೋರ್ಟ್ ತೆರೆದೆ. ವೈರಸ್ ಕೂತಿದ್ದ ಫೋಲ್ಡರಿನ ಹೆಸರು 'ಗೃಹಪ್ರವೇಶ'. ಪೆನ್‌ಡ್ರೈವಿನಿಂದ ಹಾಕಿದವನು ಮುನೀಂದ್ರ. ತನ್ನ ಹೊಸ ಮನೆಯನ್ನು ದೊಡ್ಡ ಮಾನಿಟರಿನಲ್ಲಿ ನೋಡುವ ಚಪಲ! ಅದರೊಳಗಿದ್ದ ವಿಡಿಯೋ ಹಾಕಿದೆ.

ಜಿ.ಎಂ. ಕನ್ನಡಕ ಏರಿಸಿದರು.

"ನಿನ್ ನಾಗಸಂದ್ರದ್ ಮನೆ ಅಲ್ವೇನಯ್ಯ? ಅಲ್ಲಿ ಹೋಳಿಗೆ ತಿಂತಿರೋನು ನಾನೇ!"

ಸಹಿಗೆ ತಂದಿದ್ದ ದಾಕ್ಷಾಯಣಿಯ ಆರ್ಡರನ್ನು ಅಲ್ಲೇ ಹರಿದು ಹಾಕಿ, ಮುನೀಂದ್ರನಿಗೆ ಗೇಟಿನ ದಾರಿ ತೋರಿಸಿದರು.

ಗೇಟಿನಲ್ಲಿ ಸೆಕ್ಯುರಿಟಿ ಪಂಚಪ್ಪ ರಿಜಿಸ್ಟರ್ ತೆರೆದ.

"ಒಳಗಿಂದ ಏನ್ ಸಾರ್ ಆಚೆ ಹೋಗ್ತಿರೋದು?"

"ತೂತಾದ ಡಿವಿಡಿ ಒಂದು, ಬರ್ಕೊ. ಹಿಂದೆ ಮ್ಯಾನೇಜರ್ ಒಬ್ಬ ಬರ್ತಿದಾನೆ... ಅವನಿಗೂ ಡ್ರಿಲ್ ಒಳಗೇ ಆಯ್ತು. ಚೆಕ್ ಮಾಡ್ದೆ ಬಿಟ್ಬಿಡು!"